ಬುಧವಾರದ ಹಲ್ಲುನೋವು

ನಾನು ಕೆಲಸ ಮಾಡುವುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಬಾಗಿಲು ತೆಗೆಯುವುದು, ಬಂದವರನ್ನು ಕೂರಿಸುವುದು, ಡಾಕ್ಟರು ತಲೆಯೆತ್ತದೆ ಕೈ ಚಾಚಿದಾಗ ಬೇಕಾದ್ದನ್ನು ಆ ಕೈಗೆ ಇಡುವುದು. ಕೊನೆಗೆ ಬಳಸಿದ ಸಾಮಾನನ್ನೆಲ್ಲ ಉಜ್ಜಿ ತೊಳೆದು, ಒಂದೊಂದು ಜೊತೆಯನ್ನೂ ಕಾಗದದ ಪ್ಯಾಕೆಟ್ಟಿಗೆ ಹಾಕಿ ಬಾಯಿ ಅಂಟಿಸಿ, ಹಬೆಯ ಯಂತ್ರದೊಳಗೆ ಇಡುವುದು. ಯಂತ್ರ ದೊಡ್ಡದೊಂದು ಕುಕ್ಕರಿನ ಹಾಗಿದೆ. ಒಳಗೆ ಹಬೆ ಸರಿಯಾಗಿ ತಾಗಿದರೆ ಪ್ಯಾಕೆಟ್ಟಿನ ಮೂಲೆಯಲ್ಲಿರುವ ಗುಲಾಬಿ ಗೆರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಗೆರೆ ಕಂದಾಯಿತೆಂದರೆ ಒಳಗಿರುವ ಪುಟ್ಟ ಕನ್ನಡಿ, ಇಕ್ಕಳ, ಕೊಕ್ಕೆಗಳಲ್ಲಿ ಒಂದು ಕ್ರಿಮಿಯೂ ಉಳಿದಿಲ್ಲ ಎಂದರ್ಥ.

ಕೆಲಸಕ್ಕೆ ಸೇರಿದ ದಿನ ಡಾಕ್ಟರು ಇದನ್ನು ಹೇಳಿಕೊಟ್ಟರು. ಬಹಳ ದಿನ ನಾನು ಅದನ್ನು ನಂಬಿಯೂ ಇದ್ದೆ. ಆಮೇಲೆ ಒಂದು ದಿನ, ಕಾಯುತ್ತ ಕುಳಿತಿದ್ದ ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದಳು: ‘ನಮ್ಮ ಭಾವನಿಗೆ ಕಾಮಾಲೆ ಹಿಡಿದಿದ್ದು ಕ್ಷೌರದಂಗಡಿ ಬ್ಲೇಡಿಂದ. ತೊಳ್ದಿದ್ದೀನಿ ಅಂದನಂತೆ ಆ ಹುಡುಗ. ಏನ್ ತೊಳ್ದಿದ್ನೋ! ಮನುಷ್ಯ ಆರು ತಿಂಗಳಲ್ಲಿ ಹೋಗೇಬಿಟ್ರು.’

ಹೇಳಿದವಳು ತನ್ನ ಸರದಿ ಬಂದು ಒಳಗೆ ಹೋದಳು. ಮಾತು ಮಾತ್ರ ನನ್ನೊಳಗೆ ಉಳಿಯಿತು. ಅಂದು ಸಂಜೆ ಬೀಗ ಹಾಕುವಾಗ ಅನುಮಾನ ಬಂತು. ಮಧ್ಯಾಹ್ನದ ಪ್ಯಾಕೆಟ್ಟುಗಳನ್ನು ಹಬೆಗೆ ಇಟ್ಟೆನೋ, ಅಥವಾ ಇಟ್ಟೆನೆಂದುಕೊಂಡು ಹಾಗೆಯೇ ಡ್ರಾಯರಿಗೆ ಹಾಕಿದೆನೋ? ಮತ್ತೆ ಬಾಗಿಲು ತೆಗೆದು ನೋಡಿದೆ. ಗೆರೆ ಕಂದಾಗಿತ್ತು. ಬೀಗ ಹಾಕಿದೆ. ಕಂದಾಗಿತ್ತೇ, ಅಥವಾ ದೀಪದ ಬೆಳಕಿಗೆ ಹಾಗೆ ಕಂಡಿತೇ? ಮತ್ತೆ ತೆಗೆದೆ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಒಮ್ಮೆ ಹಬೆಯಾದದ್ದನ್ನು ಇನ್ನೊಮ್ಮೆ ಇಡತೊಡಗಿದೆ. ಕೈಯನ್ನು ಮೊಣಕೈವರೆಗೆ ತೊಳೆಯತೊಡಗಿದೆ. ಹಲ್ಲು ಕೀಳಿಸಿಕೊಂಡು ಹೋದವರ ಮುಖಗಳು ಊಟದ ತಟ್ಟೆಯ ಮುಂದೆ ಬಂದು ನಿಲ್ಲುತ್ತಿದ್ದವು. ಒಬ್ಬ ಡ್ರಾಯಿಂಗ್ ಮೇಷ್ಟ್ರು ಹೊಲಿಗೆ ಬಿಚ್ಚಿಸಿಕೊಳ್ಳಲು ಬರಬೇಕಾಗಿತ್ತು, ಬರಲಿಲ್ಲ. ಅವರು ಸತ್ತೇ ಹೋಗಿದ್ದಾರೆ, ಕೊಂದದ್ದು ನಾನೇ ಎಂದು ವಾರವಿಡೀ ಬೆವತೆ. ಒಂದು ಸಂಜೆ ಅವರು ಅಂಗಡಿಯ ಮುಂದೆ ನಿಂತು ಚಪ್ಪಲಿಯ ಬೆಲೆ ಚೌಕಾಸಿ ಮಾಡುತ್ತಿರುವುದು ಕಂಡಿತು. ಓಡಿಹೋಗಿ ಕಾಲು ಹಿಡಿಯಬೇಕೆನ್ನಿಸಿತು. ಆ ನೆಮ್ಮದಿ ರಸ್ತೆಯ ತಿರುವಿನವರೆಗೆ ಬಾಳಿತು. ತಿರುವಿನಲ್ಲಿ, ಕಾಮಾಲೆ ಇಷ್ಟು ಬೇಗ ಹೊರಗೆ ಕಾಣುವುದಿಲ್ಲವಲ್ಲ ಎಂಬುದು ನೆನಪಾಯಿತು.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಹಿಂದಿನಿಂದಲೇ ನನ್ನ ಕೈಗಳನ್ನು ನೋಡುತ್ತಿದ್ದಳು. ಅವು ಸಿಪ್ಪೆ ಸುಲಿದು ಬಿರುಕುಬಿಟ್ಟಿದ್ದವು.

‘ಅದೇನು ಕೈನೋ, ಸೀದುಹೋದ ಪಾತ್ರೇನೋ? ಆ ಪಾಟಿ ಉಜ್ತಿದ್ಯಲ್ಲೇ.’

‘ಕ್ಲಿನಿಕ್ಕಲ್ಲಿ ಹಾಗೇ ತೊಳೀಬೇಕಮ್ಮ.’

‘ಡಾಕ್ಟ್ರು ಕೈ ನೋಡಿದ್ದೀನಿ. ಬೆಣ್ಣೆ ಥರ ಇದೆ.’

ನಾನು ಮಾತು ಬೆಳೆಸುತ್ತಿರಲಿಲ್ಲ. ಮಾತು ಬೆಳೆಸುವುದು ನನಗೆ ಬರುವುದೂ ಇಲ್ಲ. ಶಾಲೆ ಬಿಟ್ಟಾಗಲೂ ಹೀಗೆಯೇ ಆಗಿತ್ತು. ಪರೀಕ್ಷೆಯಲ್ಲಿ ಬರೆದ ಸಾಲು ಸರಿಯಿದೆಯೋ ಇಲ್ಲವೋ ಎಂದು ಅಳಿಸಿ ಬರೆದು, ಅಳಿಸಿ ಬರೆದು ಹಾಳೆ ತೂತಾಗುತ್ತಿತ್ತು. ಮೊದಲ ಪ್ರಶ್ನೆ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಫೇಲಾದೆ. ಎಲ್ಲರೂ ದಡ್ಡಿ ಎಂದರು. ನನಗೆ ಒಳಗೊಳಗೇ ಸಮಾಧಾನವಾಯಿತು. ದಡ್ಡಿ ಎಂದು ಒಮ್ಮೆ ಹೆಸರಾದವಳಿಗೆ ಯಾರೂ ಅದಕ್ಕಿಂತ ಕೆಟ್ಟ ಹೆಸರು ಹುಡುಕುವುದಿಲ್ಲ. ಈಗ ಹುಡುಕುತ್ತಾರೆ ಎಂಬುದೇ ನನ್ನ ಹೆದರಿಕೆಯಾಗಿತ್ತು.

ಬುಧವಾರ ಡಾಕ್ಟರಿಗೆ ರಜ. ಅಂದು ಅವರು ಕ್ಲಿನಿಕ್ಕನ್ನು ಒಬ್ಬ ಮೇಡಂಗೆ ಬಿಟ್ಟುಕೊಡುತ್ತಾರೆ. ಮನಸ್ಸಿಗೆ ತೊಂದರೆಯಾದವರ ಮಾತು ಕೇಳುವುದು ಮೇಡಂ ಕೆಲಸ. ದಪ್ಪ ಕನ್ನಡಕ, ಸದಾ ಊದಿಕೊಂಡಿರುವ ಕಾಲು, ಕೈಯಲ್ಲೊಂದು ಟೀ ಫ್ಲಾಸ್ಕು. ಹಲ್ಲು ಕೀಳುವ ಕುರ್ಚಿಗೆ ಬೆಡ್‌ಶೀಟು ಹೊದಿಸಿ, ಕಿಟಕಿಯ ಹತ್ತಿರ ಎರಡು ಪ್ಲಾಸ್ಟಿಕ್ ಕುರ್ಚಿ ಎದುರುಬದುರು ಹಾಕಿಕೊಳ್ಳುತ್ತಾರೆ. ಮೊದಲು ಬಂದಾಗ, ತಮ್ಮ ಹೆಸರಿನ ಬೋರ್ಡು ಎಲ್ಲಿ ಹಾಕಲಿ ಎಂದು ಡಾಕ್ಟರನ್ನು ಕೇಳಿದ್ದರು.

‘ಬೋರ್ಡೇ ಬೇಡ ಮೇಡಂ,’ ಎಂದಿದ್ದರು ಡಾಕ್ಟರು. ‘ಮನಸ್ಸು ಗಿನಸ್ಸು ಅಂತ ಬರೆದ್ರೆ ಒಂದು ನೊಣಾನೂ ಮೆಟ್ಟಿಲು ಹತ್ತಲ್ಲ. ನನ್ನ ಹಲ್ಲಿನ ಬೋರ್ಡೇ ಇರ್ಲಿ ಬಿಡಿ. ಹಲ್ಲು ನೋಯಿಸ್ಕೊಳ್ಳೋಕೆ ಈ ಊರಲ್ಲಿ ಯಾರಿಗೂ ನಾಚಿಕೆ ಇಲ್ಲ.’

ಅವರು ಹೇಳಿದಂತೆಯೇ ಆಯಿತು. ಬುಧವಾರ ಮೆಟ್ಟಿಲು ಹತ್ತುವವರೆಲ್ಲ ಕೆನ್ನೆ ಹಿಡಿದುಕೊಂಡೇ ಬರುತ್ತಾರೆ. ಯಾರೋ ಒಬ್ಬರು ಶುರುಮಾಡಿದರು, ಉಳಿದವರು ಕಲಿತರು. ಕೆಲವರು ಮಫ್ಲರು ಸುತ್ತಿಕೊಂಡು ಬರುತ್ತಾರೆ, ಕೆಲವರು ಲವಂಗ ಕಚ್ಚಿಕೊಂಡು ಬರುತ್ತಾರೆ. ಒಬ್ಬ ಬ್ಯಾಂಕಿನವರು ಹತ್ತುವಾಗ ಬಲಗೆನ್ನೆ ಹಿಡಿದಿದ್ದರು, ಇಳಿಯುವಾಗ ಎಡಗೆನ್ನೆ. ಕೆಳಗಿನ ಬೇಕರಿಯವನು ಅದನ್ನು ನೋಡಿ, ‘ಏನ್ ಸಾರ್, ನೋವು ಆ ಕಡೆ ಶಿಫ್ಟ್ ಆಯ್ತಾ?’ ಎಂದಿದ್ದ. ಡಾಕ್ಟರು ಗುರುವಾರ ಬಂದವರೇ ನನ್ನನ್ನು ಕೇಳುತ್ತಾರೆ, ‘ಏನೇ ಗುಬ್ಬಿ, ನಿನ್ನೆ ಎಷ್ಟು ಹಲ್ಲು ನೋಯ್ತಿದ್ವು?’ ನಾನು ಚಿಕ್ಕವಳು, ಮಾತು ಕಡಿಮೆ, ಅದಕ್ಕೆ ಗುಬ್ಬಿ.

ಮೇಡಂ ನನಗೆ ಒಂದೇ ನಿಯಮ ಹೇಳಿದ್ದರು: ಬುಧವಾರ ಬಂದವರನ್ನು ಏನೂ ಕೇಳಬಾರದು, ಮುಖ ದಿಟ್ಟಿಸಬಾರದು. ಹಲ್ಲುನೋವು ಎಂದರೆ ಹೂಂ ಎನ್ನಬೇಕು, ಕೂರಿಸಬೇಕು, ನೀರು ಕೊಡಬೇಕು. ನನಗೆ ಒಗ್ಗುವ ಕೆಲಸವೇ ಅದು.

ಒಳಗೆ ಹೋದವರು ಹೊರಗೆ ಬರುವಾಗ ಬೇರೆ ಮುಖ ಹೊತ್ತು ಬರುತ್ತಿದ್ದರು. ಕಣ್ಣು ಕೆಂಪಾಗಿರುತ್ತಿತ್ತು, ಹೆಗಲು ಮಾತ್ರ ಕೆಳಗೆ ಇಳಿದಿರುತ್ತಿತ್ತು. ನಾನು ಅದನ್ನು ಕದ್ದು ನೋಡುತ್ತಿದ್ದೆ. ನನ್ನ ಹೆಗಲೂ ಹಾಗೆ ಇಳಿದೀತೇ ಎಂದುಕೊಳ್ಳುತ್ತಿದ್ದೆ. ಆದರೆ ಮೇಡಂ ಹತ್ತಿರ ಬಾಯಿ ಬಿಡುವುದಾದರೂ ಹೇಗೆ? ಅವರು ಡಾಕ್ಟರಿಗೆ ಬೇಕಾದವರು. ನಾನು ತೊಳೆದ ಸಾಮಾನಿನ ಮೇಲೆ ನನಗೇ ನಂಬಿಕೆಯಿಲ್ಲ ಎಂದು ಡಾಕ್ಟರ ಕಿವಿಗೆ ಬಿದ್ದರೆ, ಅಂಥವಳನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ಮನೆ ಅಮ್ಮನ ಹೊಲಿಗೆಯೊಂದರಲ್ಲೇ ನಡೆಯಬೇಕು. ಅದಕ್ಕಿಂತ ಹೆಚ್ಚಾಗಿ, ನಾನು ಬಾಯಿ ಬಿಟ್ಟು ಹೇಳಿದ ಮೇಲೆ ಅದು ನಿಜವೇ ಆಗಿಬಿಟ್ಟರೆ? ಯಾರಾದರೂ ನಿಜವಾಗಿ ಸತ್ತಿದ್ದರೆ?

ಹಾಗಾಗಿ ದೂರದ ಬೇರೆ ಯಾರನ್ನಾದರೂ ಹುಡುಕೋಣವೆಂದು ಹೊರಟೆ. ಬಸ್ ಸ್ಟಾಪಿನಲ್ಲಿ ನಿಂತು, ಯಾರೂ ಇಣುಕದಂತೆ ಎದೆಗೆ ಆನಿಸಿಕೊಂಡು ಫೋನಿನಲ್ಲಿ ಕೇಳಿದೆ: ಮನಸ್ಸಿನ ಡಾಕ್ಟರು, ಹತ್ತಿರದಲ್ಲಿ. ಫೋನು ಯೋಚಿಸಿ ಯೋಚಿಸಿ ಒಂದು ಕೆಂಪು ಗುರುತು ತೋರಿಸಿತು. ಅದು ನಾನು ಬೆಳಿಗ್ಗೆಯಿಂದ ನೆಲ ಒರೆಸಿ ಬಂದ ಕಟ್ಟಡ. ಮೇಡಂ ಬೋರ್ಡು ಗೋಡೆಗೆ ಹಾಕಿರಲಿಲ್ಲ, ಫೋನಿಗೆ ಹಾಕಿದ್ದರು.

ಎರಡನೆಯದು ಊರಿನ ಆಚೆ ಕೊನೆಯಲ್ಲಿತ್ತು. ಒಂದು ಶುಕ್ರವಾರ ಅಮ್ಮನಿಗೆ ಜಿಪ್ಪು, ಗುಂಡಿ ತರುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ಅಲ್ಲಿ ಬೋರ್ಡು ಇತ್ತು, ಇದ್ದದ್ದೇ ತಪ್ಪಾಯಿತು. ಒಬ್ಬ ಮನುಷ್ಯನ ತಲೆಯೊಳಗೆ ಚಕ್ರಗಳು ತಿರುಗುತ್ತಿರುವ ಚಿತ್ರ, ಕೆಳಗೆ ಮೈಲಿ ದೂರದಿಂದ ಓದಬಹುದಾದ ಅಕ್ಷರ. ಎದುರಿಗೇ ಬಸ್ ಸ್ಟಾಪು, ಅಲ್ಲಿ ನಮ್ಮ ಬೀದಿಯ ಹಾಲಿನವಳು ಖಾಲಿ ಕ್ಯಾನು ಹಿಡಿದು ನಿಂತಿದ್ದಾಳೆ. ಅವಳು ಇತ್ತ ತಿರುಗುವಷ್ಟರಲ್ಲಿ ನಾನು ಪಕ್ಕದ ಕನ್ನಡಕದಂಗಡಿಗೆ ನುಗ್ಗಿದ್ದೆ. ಅಂಗಡಿಯವನು ಒಂದಾದಮೇಲೊಂದು ಫ್ರೇಮು ಹಾಕಿ ನೋಡಿದ, ಗೋಡೆಯ ಅಕ್ಷರ ಓದಿಸಿದ. ಎಲ್ಲ ಓದಿದೆ. ಕಡೆಗೆ ಅವನೇ ಸೋತು, ‘ನಿಮ್ಮ ಕಣ್ಣಿಗೆ ಏನೂ ಆಗಿಲ್ವಲ್ಲಮ್ಮ. ನಿಮಗೇನು ತೊಂದ್ರೆ?’ ಎಂದು ಕೇಳಿದ.

ಅಷ್ಟು ನೇರವಾಗಿ ನನ್ನನ್ನು ಆವರೆಗೆ ಯಾರೂ ಕೇಳಿರಲಿಲ್ಲ. ಜಿಪ್ಪು, ಗುಂಡಿ ಮರೆತು ಮನೆಗೆ ಬಂದೆ.

ಆಮೇಲಿನ ಬುಧವಾರವೇ ಚಿಕ್ಕಮ್ಮ ಬಂದದ್ದು.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ನಮ್ಮ ಮನೆಗಳಲ್ಲಿ ಅವಳಿಗೆ ರೇಡಿಯೋ ಎಂದೇ ಹೆಸರು. ಅವಳು ಬೀದಿಯ ತುದಿಗೆ ಬಂದಳೆಂದರೆ ಒಳಮನೆಯಲ್ಲಿ ಗೊತ್ತಾಗುತ್ತಿತ್ತು. ಅಂಥವಳು ಅಂದು ಸದ್ದಿಲ್ಲದೆ ಮೆಟ್ಟಿಲು ಹತ್ತಿ, ಮುಖಕ್ಕೆ ಶಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಒಂದು ಕೈ ಕೆನ್ನೆಯ ಮೇಲೆ.

‘ಹಲ್ಲು…’ ಎಂದಳು, ಬಾಯಿ ತೆರೆಯದೆ.

ಚಿಕ್ಕಪ್ಪನಿಗೂ ಅವಳಿಗೂ ಮಾತು ನಿಂತಿದೆ ಎಂದು ಹದಿನೈದು ದಿನದ ಕೆಳಗೆ ಅಮ್ಮ ಹೇಳಿದ್ದಳು. ಪಾಪ, ಇವಳೂ! ಬೇರೆಲ್ಲೂ ಹೋಗಲಾರದೆ, ಅಕ್ಕನ ಮಗಳೇ ಬಾಗಿಲಲ್ಲಿ ಇದ್ದಾಳೆಂದು ಗೊತ್ತಿದ್ದೂ ಬಂದಿದ್ದಾಳೆಂದರೆ ಎಷ್ಟು ನೊಂದಿರಬೇಕು! ಅವಳಿಗೆ ಮುಜುಗರವಾಗಬಾರದೆಂದು ನಾನು ಕಣ್ಣು ನೆಲಕ್ಕೆ ಹಾಕಿದೆ.

‘ಕೂತ್ಕೊಳ್ಳಿ,’ ಎಂದೆ, ಗುರುತು ಪರಿಚಯವಿಲ್ಲದವರಿಗೆ ಹೇಳುವ ಹಾಗೆ.

ಚಿಕ್ಕಮ್ಮ ಒಂದು ಕ್ಷಣ ನನ್ನನ್ನೇ ನೋಡಿದ್ದು ತಿಳಿಯಿತು. ನೀರು ಕೊಟ್ಟೆ. ಬೇಡವೆಂದು ತಲೆಯಾಡಿಸಿದಳು. ಒಳಗೆ ಮತ್ತೊಬ್ಬರಿದ್ದರು. ಅವರು ಹೊರಬರುವವರೆಗೆ ಚಿಕ್ಕಮ್ಮ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿ ಕುಳಿತಿದ್ದಳು. ನಾನು ಮೇಜಿನ ಮೇಲಿನ ಹಳೆಯ ಪತ್ರಿಕೆಗಳನ್ನು ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸಿದೆ. ಸರದಿ ಬಂದಾಗ ಬಾಗಿಲು ತೆಗೆದು, ತಲೆ ತಗ್ಗಿಸಿಯೇ ಒಳಗೆ ಬಿಟ್ಟೆ.

ಮೇಡಂ ದನಿ ಕೇಳಿಸಿತು. ‘ನಿಧಾನವಾಗಿ ಹೇಳಿ. ಅವಸರ ಏನಿಲ್ಲ.’

ಆಮೇಲೆ ಮೌನ. ಬಹಳ ಹೊತ್ತಿನ ಮೌನ. ಮೇಡಂ ಹಾಗೆಯೇ, ಎದುರಿನವರು ಬಾಯಿಬಿಡುವವರೆಗೆ ಕಾಯುತ್ತಾರೆ. ನಂತರ ಅಳು ಕೇಳಿಸಿತು. ಚಿಕ್ಕಮ್ಮ ಅತ್ತದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ನರಳಿದಂತಿತ್ತು. ಮನಸ್ಸು ಹಗುರವಾಗಲಿ ಎಂದುಕೊಂಡೆ. ನನಗೂ ಕಣ್ಣು ತುಂಬಿತು.

ಬಾಗಿಲು ದಡಾರನೆ ತೆರೆಯಿತು. ಮೇಡಂ ಆ ಕಾಲಿನಲ್ಲಿ ಅಷ್ಟು ಬೇಗ ಏಳಬಲ್ಲರೆಂದು ನನಗೆ ಗೊತ್ತಿರಲಿಲ್ಲ.

‘ಏ ಹುಡುಗಿ, ಇವರಿಗೆ ನಿಜವಾಗ್ಲೂ ಹಲ್ಲುನೋವು ಕಣೇ! ಮುಖ ನೋಡಿದ್ಯಾ ನೀನು?’

ನೋಡಿರಲಿಲ್ಲ. ಈಗ ನೋಡಿದೆ. ಶಾಲು ಜಾರಿತ್ತು. ಒಂದು ಕಡೆ ಕೆನ್ನೆ ಕಣ್ಣಿನವರೆಗೆ ಊದಿ ಮಿರಮಿರನೆ ಹೊಳೆಯುತ್ತಿತ್ತು. ಊತ ದವಡೆಯ ಕೆಳಗೂ ಇಳಿದಿತ್ತು. ತುಟಿಯ ಮೂಲೆಯಿಂದ ಜೊಲ್ಲು ಸುರಿಯುತ್ತಿತ್ತು. ಉಗುಳು ನುಂಗಲೂ ಅವಳಿಗೆ ಆಗುತ್ತಿರಲಿಲ್ಲ. ಮುಟ್ಟಿದೆ. ಮೈ ಕೆಂಡವಾಗಿತ್ತು.

ಇಷ್ಟು ದಿನ ನಾನು ಹೆದರಿ ಹೆದರಿ ಸತ್ತದ್ದು ಇದಕ್ಕೇ, ನನ್ನ ಕೈಯಿಂದ ಯಾರಿಗೋ ಕೇಡಾಗುವುದಕ್ಕೆ. ಈಗ ಕೇಡು ಎದುರಿಗೇ ಕುಳಿತಿತ್ತು. ನಾನೇ ಕೂರಿಸಿದ್ದೆ, ನೀರು ಕೊಟ್ಟು, ಕಾಯಿಸಿ. ಕೈಕಾಲು ಹೋಗಿಬಿಡುತ್ತವೆ ಎಂದುಕೊಂಡೆ. ಹೋಗಲಿಲ್ಲ. ಕೈ ತಾನಾಗಿಯೇ ಫೋನು ಎತ್ತಿಕೊಂಡಿತು.

‘ಸರ್, ಚಿಕ್ಕಮ್ಮನಿಗೆ ದವಡೆ ಊದಿದೆ, ಕೆಳಗಡೆ. ಜ್ವರ ಇದೆ. ನುಂಗೋಕಾಗ್ತಿಲ್ಲ.’

‘ಉಸಿರಾಟ?’

‘ಆಡ್ತಿದಾರೆ, ಆದ್ರೆ ಸ್ವಲ್ಪ ಎಳೀತಿದಾರೆ.’

‘ಬೆನ್ನಿಗೆ ಆಸರೆ ಕೊಟ್ಟು ಕೂರಿಸು, ಮಲಗಿಸ್ಬೇಡ. ದೊಡ್ಡಾಸ್ಪತ್ರೆಗೆ ಫೋನ್ ಮಾಡಿ ಗಾಡಿ ಕಳಿಸೋಕೆ ಹೇಳು. ಕುಯ್ಯೋ ಸೆಟ್ಟು ತೆಗೆದಿಡು. ಬಂದೆ.’

ಡಾಕ್ಟರ ಮನೆ ಹಿಂದಿನ ಬೀದಿಯಲ್ಲಿ. ಮನೆಯ ಚಪ್ಪಲಿಯಲ್ಲೇ ಓಡಿಬಂದರು. ಅಷ್ಟರಲ್ಲಿ ನಾನು ಆಸ್ಪತ್ರೆಗೆ ಫೋನು ಮಾಡಿದ್ದೆ. ಮೇಡಂ ಬೆಡ್‌ಶೀಟು ಎಳೆದು ಹಾಕಿ ಚಿಕ್ಕಮ್ಮನನ್ನು ದೊಡ್ಡ ಕುರ್ಚಿಗೆ ಕೂರಿಸಿದ್ದರು, ದೀಪ ಹೊತ್ತಿತ್ತು. ಡಾಕ್ಟರು ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ‘ಗಾಡಿ ಬರೋವರೆಗೂ ಕಾಯೋದು ಬೇಡ, ಒಂದಿಷ್ಟು ಕೀವು ಹೊರಗೆ ಬಿಟ್ಟುಬಿಡೋಣ,’ ಎಂದು ಕೈ ಚಾಚಿದರು. ನಾನು ಡ್ರಾಯರು ಎಳೆದು, ಪ್ಯಾಕೆಟ್ಟು ಹರಿದು, ತಟ್ಟೆಗೆ ಸುರಿದು, ಮೇಲಿನದನ್ನು ಕೈಗಿಟ್ಟೆ. ಚಿಕ್ಕಮ್ಮ ಕಿರುಚಲಾರದೆ ನನ್ನ ತೋಳನ್ನು ಹಿಂಡಿದಳು. ಕೀವು, ರಕ್ತ, ಕೆಟ್ಟ ವಾಸನೆ. ನಾನು ಹೀರುವ ಕೊಳವೆ ಹಿಡಿದು ನಿಂತೇ ಇದ್ದೆ. ಇಂಜೆಕ್ಷನ್ ಬೇಕೆಂದಾಗ ಇಂಜೆಕ್ಷನ್, ಹತ್ತಿ ಬೇಕೆಂದಾಗ ಹತ್ತಿ, ಇಕ್ಕಳ ಬೇಕೆಂದಾಗ ಇಕ್ಕಳ.

‘ಸಾಕು, ಗಂಟಲಿಗೆ ಸ್ವಲ್ಪ ಜಾಗ ಆಯ್ತು,’ ಎಂದರು ಡಾಕ್ಟರು. ‘ಇನ್ನು ಅಲ್ಲಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕ್ತಾರೆ. ಅಲ್ಲ ಕಣಮ್ಮ, ಇಷ್ಟು ದಿನ ಏನ್ ಮಾಡ್ತಿದ್ರಿ? ಇನ್ನೂ ಒಂದು ದಿನ ಬಿಟ್ಟಿದ್ರೆ ನನ್ನ ಹತ್ರ ಬರೋ ಅವಶ್ಯಕತೇನೇ ಇರ್ತಿರ್ಲಿಲ್ಲ.’

ಗಾಡಿ ಬಂತು. ಡಾಕ್ಟರೂ ಜೊತೆಗೆ ಹತ್ತಿ ಹೋದರು. ಹೊರಗೆ ಕಾಯುತ್ತಿದ್ದ ಒಬ್ಬರೇ ಒಬ್ಬರು, ಇಷ್ಟೆಲ್ಲ ನೋಡಿ, ಕೆನ್ನೆಯಿಂದ ಕೈ ತೆಗೆದು ಸದ್ದಿಲ್ಲದೆ ಮೆಟ್ಟಿಲು ಇಳಿದುಬಿಟ್ಟರು.

ಅಮ್ಮನಿಗೆ ಫೋನು ಮಾಡಿದೆ. ನೆಲ ಒರೆಸಲು ಬಕೆಟ್ಟು ತಂದೆ. ಬಗ್ಗಿ ಬಟ್ಟೆ ಹಿಂಡುತ್ತಿದ್ದಾಗ ಅದು ಬಂತು.

ಪ್ಯಾಕೆಟ್ಟು ಹರಿದೆ. ಗೆರೆ ನೋಡಿದೆನೇ?

ನೋಡಿರಲಿಲ್ಲ. ಈ ಒಂದು ವರ್ಷದಲ್ಲಿ ಗೆರೆ ನೋಡದೆ ಒಂದೇ ಒಂದು ಪ್ಯಾಕೆಟ್ಟನ್ನೂ ತೆರೆದವಳಲ್ಲ ನಾನು. ಇಂದು ನೋಡಿರಲಿಲ್ಲ. ಆ ಡ್ರಾಯರಿನಲ್ಲಿ ನಿನ್ನೆಯವು ಯಾವುವು, ಮೊನ್ನೆಯವು ಯಾವುವು? ನಿನ್ನೆ ಯಂತ್ರ ಹಾಕಿದ್ದೆನೇ? ಹಾಕಿದ ನೆನಪಿದೆ. ಅದು ನಿನ್ನೆಯ ನೆನಪೋ, ಸೋಮವಾರದ್ದೋ? ರೇಡಿಯೋ ಚಿಕ್ಕಮ್ಮ, ನನ್ನನ್ನು ಎತ್ತಿ ಆಡಿಸಿದವಳು. ಅವಳ ಬಾಯಿಯನ್ನು ಕುಯ್ದು, ರಕ್ತದೊಳಕ್ಕೇ ಯಾರದೋ ಕಾಯಿಲೆ ಬಿಟ್ಟೆ. ಆರು ತಿಂಗಳು. ಆರು ತಿಂಗಳಲ್ಲಿ ಹೋಗೇಬಿಟ್ರು.

ಹರಿದ ಪ್ಯಾಕೆಟ್ಟು ಸಿಕ್ಕಿದರೆ ಸಾಕು, ಗೆರೆ ಕಾಣುತ್ತದೆ. ಕಸದ ಬುಟ್ಟಿಯ ಮುಚ್ಚಳ ತೆಗೆದೆ. ರಕ್ತದ ಹತ್ತಿ, ಕೀವಿನ ಬಟ್ಟೆ. ಕೈ ಹಾಕಿದೆ. ಮೊಣಕೈವರೆಗೆ.

‘ಏನು ಹುಡುಕ್ತಿದ್ದೀಯಮ್ಮ?’

ಮೇಡಂ ಹೋಗಿದ್ದಾರೆಂದುಕೊಂಡಿದ್ದೆ. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದರು.

‘ಏನಿಲ್ಲ ಮೇಡಂ. ಒಂದು ಪ್ಯಾಕೆಟ್ಟು.’

‘ಅದರಲ್ಲಿ ಇಂಜೆಕ್ಷನ್ ಸೂಜಿ ಇರುತ್ತಲ್ವಾ?’

ಇರುತ್ತಿತ್ತು. ಸೂಜಿಗೆ ಬೇರೆ ಡಬ್ಬ ಇದೆ, ಆದರೆ ಅವಸರದಲ್ಲಿ ಎಲ್ಲಿ ಬಿಸಾಡಿದೆನೋ ಗೊತ್ತಿರಲಿಲ್ಲ. ಕೈ ನಿಂತಿತು. ಹೊರಗೆ ಮಾತ್ರ ಬರಲಿಲ್ಲ.

‘ಕೈ ತೆಗಿ.’

‘ಆಗ್ತಿಲ್ಲ ಮೇಡಂ.’

ಅವರು ಎದ್ದು ಬರಲಿಲ್ಲ, ಗದರಲಿಲ್ಲ. ‘ಪ್ಯಾಕೆಟ್ಟು ಸಿಕ್ಕಿದ್ರೆ ಏನು ಮಾಡ್ತೀಯ?’ ಎಂದು ಕೇಳಿದರು.

‘ಗೆರೆ ನೋಡ್ತೀನಿ. ಕಂದು ಇದ್ರೆ ಚಿಕ್ಕಮ್ಮ ಉಳ್ಕೋತಾರೆ.’

‘ಕಂದೇ ಇದೆ ಅಂತಿಟ್ಕೋ. ಆಮೇಲೆ?’

ಆಮೇಲೆ ಏನೆಂದು ನನಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಕಸದ ಬುಟ್ಟಿಯಿಂದ ಕೈ ತೆಗೆಯುವುದಕ್ಕಿಂತ ಕಷ್ಟವಾಗಿತ್ತು.

‘ಆಮೇಲೆ… ಹರಿದಿದ್ದು ಇದೇ ಪ್ಯಾಕೆಟ್ಟಾ ಅಂತ ಅನುಮಾನ ಬರುತ್ತೆ.’

‘ಇದೇ ಅಂತ ಗೊತ್ತಾದ್ರೆ?’

‘ಗೆರೆ ಮೋಸ ಮಾಡಿರಬಹುದು ಅನ್ಸುತ್ತೆ.’

‘ಹೂಂ,’ ಎಂದರು ಮೇಡಂ. ‘ಎಷ್ಟು ದಿನದಿಂದ?’

ಕೈ ತೆಗೆದೆ. ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡೆ, ಚುಚ್ಚಿರಲಿಲ್ಲ. ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಮೇಡಂ ತಡೆಯಲಿಲ್ಲ. ತೊಳೆಯುತ್ತಲೇ, ಅವರಿಗೆ ಬೆನ್ನು ಹಾಕಿಕೊಂಡೇ, ಎಲ್ಲವನ್ನೂ ಹೇಳಿದೆ. ಕಾಮಾಲೆಯ ಭಾವ, ಡ್ರಾಯಿಂಗ್ ಮೇಷ್ಟ್ರು, ತೂತಾದ ಹಾಳೆ. ಬುಧವಾರದ ನಿಯಮ ಪಾಲಿಸಲು ಹೋಗಿ ಚಿಕ್ಕಮ್ಮನ ಮುಖ ನೋಡದೆ ಕಾಯಿಸಿದ್ದು. ನೀರು ಹರಿಯುತ್ತಲೇ ಇತ್ತು.

‘ಚಿಕ್ಕಮ್ಮನ್ನ ಕಾಯಿಸಿದ್ದು ತಪ್ಪಾಯ್ತು. ನಿನ್ನದೂ, ನನ್ನದೂ,’ ಎಂದರು ಮೇಡಂ. ‘ನನ್ನೆದುರಿಗೇ ಕೂತಿದ್ರು. ನಾನು ಅವರ ದುಃಖ ನೋಡ್ತಿದ್ದೆ, ಕೆನ್ನೆ ನೋಡ್ಲಿಲ್ಲ. ಅದು ಗೊತ್ತಾದ ತಕ್ಷಣ ನೀನು ಏನು ಮಾಡ್ದೆ?’

‘ಫೋನ್ ಮಾಡ್ದೆ.’

‘ಕೈ ನಡುಗ್ತಾ?’

ಯೋಚಿಸಿದೆ. ‘ಇಲ್ಲ.’

‘ಈಗ?’

ಈಗ ಎರಡೂ ಕೈ ನಲ್ಲಿಯ ಕೆಳಗೆ ಎಲೆಯಂತೆ ಅದುರುತ್ತಿದ್ದವು. ನಾನು ನಲ್ಲಿ ನಿಲ್ಲಿಸಿ ತಿರುಗಿದೆ. ‘ಮೇಡಂ, ಒಂದೇ ಒಂದು ಸಲ ಹೇಳಿ. ಚಿಕ್ಕಮ್ಮನಿಗೆ ಏನೂ ಆಗಲ್ಲ ಅಂತ. ನೀವು ಓದಿದೋರು. ನೀವು ಹೇಳಿದ್ರೆ ನಂಬ್ತೀನಿ.’

ಮೇಡಂ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಹೇಳುತ್ತಾರೆ ಎಂದುಕೊಂಡೆ. ಅವರ ಕಣ್ಣಿನಲ್ಲಿ ಅಷ್ಟು ಕನಿಕರವಿತ್ತು.

‘ಹೇಳಲ್ಲ,’ ಎಂದರು.

‘ಯಾಕೆ?’

‘ಹೇಳಿದ್ರೆ ಎಷ್ಟು ಹೊತ್ತು ಇರುತ್ತೆ ಆ ನಂಬಿಕೆ?’

ರಸ್ತೆಯ ತಿರುವಿನವರೆಗೆ. ಅದು ಅವರಿಗೂ ಗೊತ್ತಿತ್ತು.

‘ಆಮೇಲೆ ಇನ್ನೊಂದು ಸಲ ಬಂದು ಕೇಳ್ತೀಯ. ನಾನು ನಿನಗೆ ಇನ್ನೊಂದು ಗೆರೆ ಆಗ್ತೀನಿ, ಅಷ್ಟೆ. ಇದಕ್ಕೆ ದಾರಿ ಇದೆ ಕಣಮ್ಮ. ಹುಚ್ಚಲ್ಲ ಇದು. ಆದ್ರೆ ದಾರಿ ಸುಖವಾಗಿರಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಮುಂದಿನ ಬುಧವಾರ ಬಾ. ಕೊನೇಲಿ, ಎಲ್ಲರೂ ಹೋದ ಮೇಲೆ. ಡಾಕ್ಟ್ರಿಗೆ ಹೇಳ್ಬೇಕೋ ಬೇಡ್ವೋ ನೀನೇ ಯೋಚ್ನೆ ಮಾಡು, ನನ್ನ ಬಾಯಿಂದ ಒಂದು ಮಾತೂ ಹೋಗಲ್ಲ.’ ಫ್ಲಾಸ್ಕಿನ ಮುಚ್ಚಳಕ್ಕೆ ಉಳಿದ ಟೀ ಬಗ್ಗಿಸಿ ನನ್ನತ್ತ ಚಾಚಿದರು. ‘ಸಂಜೆ ಚಿಕ್ಕಮ್ಮನ್ನ ನೋಡೋಕೆ ಹೋಗ್ತೀಯಲ್ಲ? ಹೋಗು. ಹೇಗಿದ್ದೀಯ ಅಂತ ಕೇಳು. ಆದ್ರೆ ರಕ್ತ, ಪರೀಕ್ಷೆ, ಕಾಮಾಲೆ ಅಂತ ಯಾರನ್ನೂ ಏನೂ ಕೇಳ್ಬೇಡ. ಭಯ ಬರುತ್ತೆ. ಜೋರಾಗೇ ಬರುತ್ತೆ. ಏನೂ ಮಾಡ್ದೆ ಅದರ ಜೊತೆ ಇದ್ದು ಬಾ. ಆಗುತ್ತಾ?’

ಆಗುವುದಿಲ್ಲ ಎಂದೆ. ಟೀ ಮಾತ್ರ ಕುಡಿದೆ.

ಸಂಜೆ ಅಮ್ಮನ ಜೊತೆ ದೊಡ್ಡಾಸ್ಪತ್ರೆಗೆ ಹೋದೆ. ಚಿಕ್ಕಮ್ಮನ ಕೈಗೆ ಸೂಜಿ ಚುಚ್ಚಿ ಬಾಟಲಿ ಹಾಕಿದ್ದರು. ಊತ ಇನ್ನೂ ಇತ್ತು, ಆದರೆ ಬಾಯಿ ಒಂದು ಬೆರಳಿನಷ್ಟು ತೆರೆದಿತ್ತು. ಅಷ್ಟು ಸಾಕಾಗಿತ್ತು ಅವಳಿಗೆ.

‘ಬಾರೇ, ಕೂತ್ಕೊಳ್ಳಿ ಮೇಡಂ,’ ಎಂದಳು ನನ್ನನ್ನು ನೋಡಿ. ‘ಅಕ್ಕಾ, ನಿನ್ನ ಮಗಳು ನಂಗೆ ಬಹುವಚನ ಹಾಕಿದ್ಲು ಕಣೇ! ಇವಳಿಗೆ ಕೆಲಸ ಸಿಕ್ಕಿ ಕೊಬ್ಬು ಬಂದಿದೆ ಅನ್ಕೊಂಡೆ. ಒಳಗೆ ಹೋದ್ರೆ ಆ ಹೆಂಗಸು ಬಾಯಿ ತೆಗೀರಿ ಅನ್ನಲ್ಲ, ಹಲ್ಲು ತೋರ್ಸಿ ಅನ್ನಲ್ಲ. ನಿಮ್ಮ ಮನಸ್ಸಲ್ಲಿ ಏನಿದ್ಯೋ ಎಲ್ಲ ಹೇಳಿ, ನಾನು ಕೇಳ್ತೀನಿ ಅಂತಾಳೆ. ಹುಟ್ಟಿದಾಗಿನಿಂದ ಎಲ್ಲರೂ ನನಗೆ ಬಾಯಿ ಮುಚ್ಚು ಅಂದೋರೇ. ಮಾತಾಡು ಅಂದಿದ್ದು ಅವಳೊಬ್ಬಳೇ. ಆಗಲೇ ನನ್ನ ಬಾಯಿ ಬಿದ್ದುಹೋಗಿರ್ಬೇಕಾ!’

ಅಮ್ಮ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪನೂ ನಕ್ಕ. ನನಗೆ ಮಾತ್ರ ಚಿಕ್ಕಮ್ಮನ ಕಣ್ಣಿನ ಬಿಳಿಯಷ್ಟೇ ಕಾಣುತ್ತಿತ್ತು. ಅದು ಹಳದಿಯಾಗಿದೆಯೇ? ಟ್ಯೂಬ್‌ಲೈಟಿನ ಬೆಳಕೇ?

ನರ್ಸು ಬಂದು ಬಾಟಲಿಯ ಹನಿ ಸರಿಮಾಡಿದಳು. ಹೋಗುವಾಗ, ‘ಮನೆಯವರಿಗೆ ಏನಾದ್ರೂ ಕೇಳೋದಿದ್ಯಾ?’ ಎಂದಳು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದು ರಕ್ತಪರೀಕ್ಷೆ ಮಾಡಿಬಿಡಿ ಎಂದರೆ ಮುಗಿಯಿತು. ಅದರಲ್ಲೇನು ತಪ್ಪು? ಯಾರು ಬೇಡವೆನ್ನುತ್ತಾರೆ? ಕೇಳಿಬಿಟ್ಟರೆ ಈ ರಾತ್ರಿ ನಿದ್ದೆ ಮಾಡಬಹುದು. ನರ್ಸು ನನ್ನ ಮುಖ ನೋಡುತ್ತ ನಿಂತಳು, ನನ್ನ ಬಾಯಿ ಅರ್ಧ ತೆರೆದಿತ್ತು.

‘ಇಲ್ಲ,’ ಎಂದೆ.

ಅವಳು ಹೋದಳು. ಅವಳ ಚಪ್ಪಲಿಯ ಸದ್ದು ವಾರ್ಡಿನ ತುದಿಯವರೆಗೆ ಕೇಳಿಸಿತು. ಇನ್ನೂ ಕೂಗಿ ಕರೆಯಬಹುದು, ಇನ್ನೂ ಕರೆಯಬಹುದು ಎನ್ನುತ್ತಿರುವಾಗಲೇ ಸದ್ದು ನಿಂತಿತು. ಎದ್ದು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕುಸಿದೆ.

ಅಮ್ಮ ಹಿಂದೆಯೇ ಬಂದಳು. ‘ಯಾಕೇ? ಮುಖ ಎಲ್ಲಾ ಬೆವರ್ತಿದೆ.’

‘ಭಯ ಆಗ್ತಿದೆ ಅಮ್ಮ.’

ಇದನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದ ಮೇಲೆ ಉಳಿದದ್ದೂ ಬಂತು. ಕೈ ಉಜ್ಜಿ ತೊಳೆಯುವುದರ ಕಾರಣ, ಗೆರೆ, ಪ್ಯಾಕೆಟ್ಟು, ಬುಧವಾರ ನಾನು ಮೇಡಂ ಎದುರಿನ ಕುರ್ಚಿಯಲ್ಲಿ ಕೂರಬೇಕಾಗಿರುವುದು. ಮುಗಿದ ಮೇಲೆ ಅಮ್ಮ ನನ್ನ ಬಿರುಕುಬಿಟ್ಟ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ‘ಏನೂ ಆಗಲ್ಲ ಬಿಡು ಕಂದಾ. ನೀನು ತೊಳ್ದಿರ್ತೀಯ. ಚಿಕ್ಕಮ್ಮನಿಗೆ ಏನೂ ಆಗಲ್ಲ,’ ಎಂದಳು.

ಅದು ಬಿಸಿಲಲ್ಲಿ ನಡೆದು ಬಂದವಳ ಬಾಯಿಗೆ ತಣ್ಣೀರು ಬಿಟ್ಟಂತೆ ಇಳಿಯಿತು. ಇನ್ನೊಮ್ಮೆ ಹೇಳು ಎನ್ನಬೇಕೆನ್ನಿಸಿತು. ಕೇಳಿದರೆ ಹೇಳುತ್ತಾಳೆ. ಬೆಳಗಾಗುವವರೆಗೆ ಬೇಕಾದರೂ ಹೇಳುತ್ತಾಳೆ.

‘ಹಾಗೆ ಹೇಳ್ಬೇಡ ಅಮ್ಮ.’

‘ಮತ್ತೆ ಏನು ಹೇಳ್ಲಿ?’

‘ಏನೂ ಹೇಳ್ಬೇಡ.’

ಅಮ್ಮ ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅವಳಿಗೆ ಅರ್ಥವಾಗಲಿಲ್ಲವೆಂದು ಗೊತ್ತಾಗುತ್ತಿತ್ತು. ಅವಳೂ ಹೆದರಿದ್ದಾಳೆಂದು ಆ ಕೈಯಿಂದ ತಿಳಿಯುತ್ತಿತ್ತು. ನನ್ನ ಭಯ ಇಳಿಯಲಿಲ್ಲ, ಎದೆಯ ಮೇಲೆ ಕಲ್ಲಿನಂತೆ ಕುಳಿತೇ ಇತ್ತು. ನೆಲ ಒರೆಸುವವಳು ಉದ್ದ ಕೋಲಿನ ಬಟ್ಟೆಯನ್ನು ತಳ್ಳಿಕೊಂಡು ನಮ್ಮತ್ತ ಬಂದು, ‘ಸ್ವಲ್ಪ ಕಾಲೆತ್ತಿ,’ ಎಂದಳು. ನಾವಿಬ್ಬರೂ ಕಾಲು ಎತ್ತಿ ಹಿಡಿದು, ಅವಳು ಅಡಿಯೆಲ್ಲ ಒರೆಸಿ ಮುಂದೆ ಹೋಗುವವರೆಗೆ ಹಾಗೆಯೇ ಕುಳಿತಿದ್ದೆವು.